ಚಿತ್ರ ಬರೆಯಲು ಕಲಿತವರಿಗೆ ಜನರ ಜೊತೆ ಕೆಲಸ ಕಲಿಸುವುದು

ಆಸ್ಪತ್ರೆಯ ಕಾರಿಡಾರು, ರೈಲು ನಿಲ್ದಾಣ, ವೃದ್ಧಾಶ್ರಮ, ಜೈಲು, ಶಾಲೆಯ ಕಾಂಪೌಂಡು. ಕಲಾವಿದರನ್ನು ಇವತ್ತು ಕರೆಯುವ ಜಾಗಗಳು ಗ್ಯಾಲರಿಯಿಂದ ಬಹಳ ಆಚೆಗೆ ಹಬ್ಬಿವೆ. ಕರೆದವರು ಕೇಳುವ ಪ್ರಶ್ನೆಗಳೂ ಬೇರೆ. ಎಷ್ಟು ದಿನ ಇಲ್ಲಿ ಇರುತ್ತೀರಿ? ಇಲ್ಲಿಯವರನ್ನು ಹೇಗೆ ಸೇರಿಸಿಕೊಳ್ಳುತ್ತೀರಿ? ನೀವು ಹೋದ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು? ನಾಲ್ಕೈದು ವರ್ಷ ಕಲಾಶಾಲೆಯಲ್ಲಿ ಕಲಿತು ಕೈ ಚೆನ್ನಾಗಿ ಪಳಗಿದವರೂ ಈ ಮೂರು ಪ್ರಶ್ನೆಗಳ ಮುಂದೆ ತಡವರಿಸುತ್ತಾರೆ. ಅದಕ್ಕೆ ಅವರನ್ನು ದೂರಿ ಫಲವಿಲ್ಲ. ನಾವು ಅಂಕ ಕೊಡುವುದು ಕೊನೆಗೆ ತೂಗುಹಾಕಿದ ಕೃತಿಗೆ. ಅಲ್ಲಿಗೆ ತಲುಪುವ ದಾರಿಗೆ ಅಂಕವಿಲ್ಲ, ಹಾಗಾಗಿ ಅದರ ಪಾಠವೂ ಇಲ್ಲ.

ಈ ಚೌಕಟ್ಟು ಹಳೆಯದು. 1563ರಲ್ಲಿ ಫ್ಲಾರೆನ್ಸಿನಲ್ಲಿ, 1648ರಲ್ಲಿ ಪ್ಯಾರಿಸ್ಸಿನಲ್ಲಿ ಕಲಾ ಅಕಾಡೆಮಿಗಳು ಶುರುವಾದಾಗ ಕಲಾವಿದನನ್ನು ಕುಶಲಕರ್ಮಿಗಳ ಸಾಲಿನಿಂದ ಎಬ್ಬಿಸಿ ವಿದ್ವಾಂಸರ ಸಾಲಿನಲ್ಲಿ ಕೂರಿಸುವುದು ಅವುಗಳ ದೊಡ್ಡ ಹಂಬಲವಾಗಿತ್ತು. ಮೊದಲು ಚಿತ್ರಗಳ ನಕಲು, ಆಮೇಲೆ ಪ್ಲಾಸ್ಟರ್ ಪ್ರತಿಮೆಗಳ ನಕಲು, ಕೊನೆಗೆ ಜೀವಂತ ಮಾದರಿ ಎಂಬ ಮೆಟ್ಟಿಲುಗಳು ಅಕಾಡೆಮಿಗಳ ಕೊಡುಗೆ. 1919ರಲ್ಲಿ ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್ ಜರ್ಮನಿಯ ವೈಮಾರ್‌ನಲ್ಲಿ ಆರಂಭಿಸಿದ ಬೌಹೌಸ್ ಎಂಬ ಕಲಾಶಾಲೆ ಕಲಾವಿದ ಮತ್ತು ಕುಶಲಕರ್ಮಿಯ ನಡುವಿನ ಗೋಡೆಯನ್ನು ಒಡೆಯಲು ನೋಡಿತು. ಅಲ್ಲಿ ಒಂದೊಂದು ಕಾರ್ಯಾಗಾರಕ್ಕೆ ಇಬ್ಬರು ಗುರುಗಳು: ರೂಪದ ಪಾಠಕ್ಕೆ ಕಲಾವಿದ, ಕಸುಬಿನ ಪಾಠಕ್ಕೆ ಕುಶಲಕರ್ಮಿ. ಅದೇ ವರ್ಷ ಶುರುವಾದ ಶಾಂತಿನಿಕೇತನದ ಕಲಾಭವನದಲ್ಲಿ ಸುತ್ತಲಿನ ಕಟ್ಟಡಗಳ ಗೋಡೆಗಳ ಮೇಲೇ ಗುರುಶಿಷ್ಯರು ಕೆಲಸ ಮಾಡಿದರು.

ಇನ್ನೊಂದು ತಿರುವು ಬಂದದ್ದು 1966ರಲ್ಲಿ. ಕಲಾವಿದರಾದ ಬಾರ್ಬರಾ ಸ್ಟೆವೆನಿ ಮತ್ತು ಜಾನ್ ಲೇಥಮ್ ಲಂಡನ್ನಿನಲ್ಲಿ ಆರ್ಟಿಸ್ಟ್ ಪ್ಲೇಸ್‌ಮೆಂಟ್ ಗ್ರೂಪ್ ಕಟ್ಟಿದರು. ಕಾರ್ಖಾನೆಗಳಿಗೆ, ಮುಂದೆ ಸರ್ಕಾರಿ ಇಲಾಖೆಗಳಿಗೆ ಕಲಾವಿದರನ್ನು ಕಳಿಸುವುದು ಅದರ ಕೆಲಸ. ಸಂಸ್ಥೆ ಸಂಬಳ ಕೊಡಬೇಕು, ಆದರೆ ಇಂಥದ್ದೇ ವಸ್ತು ಮಾಡಿಕೊಡಿ ಎಂದು ಕೇಳುವಂತಿಲ್ಲ. ಸಂದರ್ಭವೇ ಅರ್ಧ ಕೆಲಸ ಎಂಬುದು ಅವರ ಸೂತ್ರ. ಮಿಯರ್ಲ್ ಲೇಡರ್‌ಮನ್ ಯೂಕಲೀಸ್ 1977ರಿಂದ ನ್ಯೂಯಾರ್ಕಿನ ನೈರ್ಮಲ್ಯ ಇಲಾಖೆಯ ಕಲಾವಿದೆ. 1979–80ರಲ್ಲಿ ಆಕೆ ಆ ನಗರದ ಸುಮಾರು 8,500 ನೈರ್ಮಲ್ಯ ಕಾರ್ಮಿಕರ ಕೈ ಕುಲುಕಿ, ಒಬ್ಬೊಬ್ಬರಿಗೂ ಧನ್ಯವಾದ ಹೇಳಿದರು. ಅದೇ ಕೃತಿ. ಕೈ ಕುಲುಕುವುದು ಸುಲಭವೆಂದು ಕಾಣುತ್ತದೆ, ಆದರೆ ಇಡೀ ನಗರದ ಪಾಳಿಗಳನ್ನೂ ಮಾರ್ಗಗಳನ್ನೂ ಅರಿಯದೆ ಅದು ಆಗುವ ಮಾತಲ್ಲ.

ಈ ಕೆಲಸವನ್ನು ಕಲಿಸಬಹುದು. 16 ವಾರಗಳ ಒಂದು ಸೆಮಿಸ್ಟರ್, ನಾಲ್ಕು ನಾಲ್ಕು ಜನರ ತಂಡಗಳು, ತಂಡಕ್ಕೊಂದು ಜಾಗ ಸಾಕು.

ಮೊದಲ ಮೂರು ವಾರ ಯಾವ ಸ್ಕೆಚ್ಚೂ ಬೇಡ, ಐಡಿಯಾವೂ ಬೇಡ. ಬರೀ ನೋಡುವುದು. ಒಂದೇ ಜಾಗವನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ 40 ನಿಮಿಷದಂತೆ ನೋಡಿ ಬರೆಯಬೇಕು. ನೋಟ್‌ಬುಕ್ಕಿನ ಎಡಪುಟದಲ್ಲಿ ಕಂಡದ್ದು, ಕೇಳಿದ್ದು. ಬಲಪುಟದಲ್ಲಿ ಅನಿಸಿದ್ದು. ಬಲಪುಟದ ಮಾತು ಎಡಕ್ಕೆ ನುಸುಳುವುದು ಇಲ್ಲಿ ಆಗುವ ತಪ್ಪು. ‘ಜನ ಬೇಸರದಿಂದ ಕಾಯುತ್ತಿದ್ದರು’ ಎಂಬುದು ಊಹೆ. ‘ಕಿಟಕಿ ಪಕ್ಕದವರು 20 ನಿಮಿಷದಲ್ಲಿ ಆರು ಸಲ ಟೋಕನ್ ನಂಬರು ನೋಡಿದರು, ಯಾರೂ ಬಾಗಿಲಿಗೆ ಬೆನ್ನು ಮಾಡಿ ಕೂರಲಿಲ್ಲ’ ಎಂಬುದು ಕಂಡದ್ದು. ಎರಡನೆಯ ವಾಕ್ಯದಿಂದ ಕೆಲಸ ಹುಟ್ಟುತ್ತದೆ. ಎಲ್ಲರ ಕಣ್ಣೂ ಬಾಗಿಲ ಮೇಲಿದ್ದರೆ ಚಿತ್ರ ಬರಬೇಕಾದ ಗೋಡೆ ಯಾವುದೆಂದು ಅದೇ ಹೇಳುತ್ತದೆ. ಮೊದಲ ವಾರ ಹತ್ತು ಸಾಲಿನಲ್ಲಿ ಆರೇಳು ಊಹೆಯೇ ಇದ್ದರೂ ಗಾಬರಿ ಬೇಡ. ಸಾಲು ಸಾಲಾಗಿ ಕೂತು ತಿದ್ದಿದರೆ ಮೂರನೇ ವಾರಕ್ಕೆ ಕಣ್ಣು ತಾನಾಗಿ ಬದಲಾಗುತ್ತದೆ.

ಆಮೇಲೆ ಮಾತು. ‘ಇಲ್ಲಿ ಯಾವ ಚಿತ್ರ ಬೇಕು?’ ಎಂದು ಕೇಳಿದರೆ ಹೂವು, ಹಕ್ಕಿ, ಸೂರ್ಯೋದಯ ಎಂಬ ಉತ್ತರ ಬರುತ್ತದೆ. ಜನರಿಗೆ ಅಭಿರುಚಿಯಿಲ್ಲ ಎಂದು ವಿದ್ಯಾರ್ಥಿಗಳು ಅಲ್ಲೇ ತೀರ್ಮಾನಿಸಿಬಿಡುತ್ತಾರೆ. ಪ್ರಶ್ನೆಯೇ ಅಷ್ಟು ಇಕ್ಕಟ್ಟಾಗಿದ್ದಾಗ ಉತ್ತರ ಬೇರೆ ಹೇಗೆ ಬರಬೇಕು? ಇಲ್ಲಿ ನೀವು ಹೆಚ್ಚು ಹೊತ್ತು ಎಲ್ಲಿ ಇರುತ್ತೀರಿ, ಯಾವ ಮೂಲೆಗೆ ಹೋಗುವುದಿಲ್ಲ, ಹೊಸಬರು ಬಂದರೆ ದಾರಿ ಹೇಗೆ ಹೇಳುತ್ತೀರಿ ಎಂದು ಕೇಳಬೇಕು. ಅಧಿಕಾರಿಯ ಜೊತೆ ಒಂದು ಮಾತುಕತೆಯಾದರೆ ಗುಡಿಸುವವರು, ಕಾವಲಿನವರು, ದಿನಾ ಬರುವವರ ಜೊತೆ ಮೂರು ಆಗಲಿ.

ಈ ಮಾತುಕತೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಶಿಲ್ಪಿ ರಿಚರ್ಡ್ ಸೆರಾ ಅವರ ‘ಟಿಲ್ಟೆಡ್ ಆರ್ಕ್’ ಪಾಠಕ್ಕೆ ಇಟ್ಟುಕೊಳ್ಳಬೇಕಾದ ಪ್ರಕರಣ. 120 ಅಡಿ ಉದ್ದ, 12 ಅಡಿ ಎತ್ತರದ ಬಾಗಿದ ಉಕ್ಕಿನ ಗೋಡೆ 1981ರಲ್ಲಿ ನ್ಯೂಯಾರ್ಕಿನ ಫೆಡರಲ್ ಪ್ಲಾಜಾ ಎಂಬ ಸರ್ಕಾರಿ ಕಚೇರಿಗಳ ಅಂಗಳದಲ್ಲಿ ನಿಂತಿತು. ಅಲ್ಲಿನ ನೌಕರರು ದಿನಾ ಅಂಗಳ ದಾಟಲು ಅದನ್ನು ಸುತ್ತಿಕೊಂಡು ಹೋಗಬೇಕಾಯಿತು. 1985ರ ಬಹಿರಂಗ ವಿಚಾರಣೆಯಲ್ಲಿ ಕೃತಿಯ ಪರವಾಗಿ ಮಾತಾಡಿದವರೇ ಹೆಚ್ಚು. ಆದರೂ 1989ರಲ್ಲಿ ಅದನ್ನು ತುಂಡರಿಸಿ ಸಾಗಿಸಿದರು. ಇದನ್ನು ಕಲಾವಿದನ ಹಟವೆಂದಾಗಲಿ ಜನರ ಅರಸಿಕತೆಯೆಂದಾಗಲಿ ಕಲಿಸುವುದು ತಪ್ಪೆಂದು ನನ್ನ ಖಚಿತ ಅಭಿಪ್ರಾಯ. ಕೃತಿ ನಿಲ್ಲುವ ಮೊದಲೇ ಆಗಬೇಕಿದ್ದ ಮಾತು ನಿಂತ ಮೇಲೆ, ಅದೂ ವಿಚಾರಣೆಯ ರೂಪದಲ್ಲಿ ನಡೆಯಿತು.

ನಾಲ್ಕನೇ ವಾರ ಒಂದು ಪುಟದ ಒಪ್ಪಂದ. ಕೊನೆಯ ತೀರ್ಮಾನ ಯಾರದು, ಹಣ ಯಾವ ಹಂತದಲ್ಲಿ ಎಷ್ಟು, ಕೃತಿ ಎಷ್ಟು ವರ್ಷ ಇರಬೇಕು, ಕೆಟ್ಟರೆ ಸರಿಮಾಡುವವರು ಯಾರು, ತೆಗೆಯಬೇಕಾದರೆ ಯಾರಿಗೆ ತಿಳಿಸಬೇಕು, ಜನರ ಫೋಟೊ ಎಲ್ಲೆಲ್ಲಿ ಬಳಸಬಹುದು. ಹಣದ ಮಾತೆತ್ತಲು ವಿದ್ಯಾರ್ಥಿಗಳಿಗೆ ಸಂಕೋಚ. ಅದನ್ನು ಕ್ಲಾಸಿನಲ್ಲೇ ಜೋರಾಗಿ ಆಡಿ ಅಭ್ಯಾಸ ಮಾಡಿಸಬೇಕು.

ಏಳನೇ ವಾರಕ್ಕೆ ಮಾದರಿಗಳು ಬರುತ್ತವೆ, ವಿಮರ್ಶೆಯ ಗಂಟೆಯೂ. ಕಲಾಶಾಲೆಗಳಲ್ಲಿ ಅತಿ ಹೆಚ್ಚು ಹಾಳಾಗುವ ಗಂಟೆ ಇದು. ಮೇಷ್ಟ್ರು ಮೊದಲು ಮಾತಾಡುತ್ತಾರೆ, ಉಳಿದವರು ಅದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ, ಕೃತಿ ಮಾಡಿದವರು ಸಮರ್ಥನೆಗೆ ಇಳಿಯುತ್ತಾರೆ. ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ರೂಪಿಸಿದ ನಾಲ್ಕು ಹಂತದ ಕ್ರಮ ಇಲ್ಲಿ ತುಂಬಾ ಉಪಯುಕ್ತ. ಒಂದು ಕೃತಿಗೆ 30 ನಿಮಿಷ ಇಟ್ಟುಕೊಳ್ಳಿ. ಮೊದಲ 5 ನಿಮಿಷ ನೋಡಿದವರು ತಮಗೆ ಅರ್ಥಪೂರ್ಣವಾಗಿ ಕಂಡದ್ದನ್ನು ಹೇಳಬೇಕು. ಮುಂದಿನ 8 ನಿಮಿಷ ಕಲಾವಿದರೇ ಪ್ರಶ್ನೆ ಕೇಳಬೇಕು, ಉಳಿದವರು ಆ ಪ್ರಶ್ನೆಗೆ ಮಾತ್ರ ಉತ್ತರಿಸಬೇಕು. ಮೂರನೆಯದು 10 ನಿಮಿಷ, ನೋಡಿದವರ ತಟಸ್ಥ ಪ್ರಶ್ನೆಗಳು. ಕೊನೆಯ 7 ನಿಮಿಷ ಅಭಿಪ್ರಾಯ, ಅದೂ ‘ಬಣ್ಣದ ಬಗ್ಗೆ ನನಗೊಂದು ಅಭಿಪ್ರಾಯವಿದೆ, ಹೇಳಲೇ?’ ಎಂದು ಒಪ್ಪಿಗೆ ಕೇಳಿಕೊಂಡು. ಕಷ್ಟವಿರುವುದು ಮೂರನೆಯದರಲ್ಲಿ. ‘ಯಾಕೆ ಇಷ್ಟೊಂದು ಕಪ್ಪು ಹಾಕಿದ್ದೀರಿ?’ ಎಂಬುದು ಪ್ರಶ್ನೆಯ ವೇಷದ ಟೀಕೆ. ‘ಬಣ್ಣ ಆರಿಸುವಾಗ ಆ ಜಾಗದ ಯಾವ ಹೊತ್ತಿನ ಬೆಳಕು ಮನಸ್ಸಿನಲ್ಲಿತ್ತು?’ ಎಂದರೆ ಕಲಾವಿದ ಯೋಚಿಸತೊಡಗುತ್ತಾನೆ. ಶಿಕ್ಷಕರು ಕೊನೆಗೆ ಮಾತಾಡಬೇಕು. ಇದನ್ನು ಪಾಲಿಸುವುದು ವಿದ್ಯಾರ್ಥಿಗಳಿಗಿಂತ ನಮಗೇ ಕಷ್ಟ.

ಮಾದರಿ ತೋರಿಸುವ ಬಗ್ಗೆ ಒಂದು ಮಾತು. ಈಗ ಕಂಪ್ಯೂಟರಿಗೆ ಎರಡು ಸಾಲು ಹೇಳಿದರೆ ಮುಗಿದ ಚಿತ್ರದಂತೆ ಹೊಳೆಯುವ ಬಿಂಬ ಬರುತ್ತದೆ. ಅದನ್ನು ಜನರ ಸಭೆಗೆ ಒಯ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ, ಚೆನ್ನಾಗಿದೆ ಎಂದು ಎದ್ದು ಹೋಗುತ್ತಾರೆ. ಪೆನ್ಸಿಲ್ಲಿನ ಒರಟು ಗೆರೆಯ ಮೇಲೆ ಬೆರಳಿಟ್ಟು ‘ಇದು ಇಲ್ಲಿ ಬೇಡ’ ಎನ್ನಲು ಯಾರೂ ಹಿಂಜರಿಯುವುದಿಲ್ಲ. ಸಾಮಾಜಿಕ ಕಲೆಯ ಹೆಸರಿನಲ್ಲಿ ರೇಖಾಭ್ಯಾಸವನ್ನು ಪಠ್ಯದಿಂದ ಕಡಿಮೆ ಮಾಡುವವರನ್ನು ನಾನು ಇದೇ ಕಾರಣಕ್ಕೆ ಒಪ್ಪುವುದಿಲ್ಲ. ಎದುರಿಗೆ ಕೂತವರು ಹೇಳಿದ್ದನ್ನು ಐದು ನಿಮಿಷದಲ್ಲಿ ಗೀಚಿ ತೋರಿಸಲಾಗದವರು ಅವರ ಜೊತೆ ಸೇರಿ ಏನನ್ನು ಕಟ್ಟಿಯಾರು? ಬಣ್ಣದ ಕಾಗದದಲ್ಲಿ ಒಂದೇ ಬಣ್ಣವನ್ನು ಎರಡು ಹಿನ್ನೆಲೆಗಳ ಮೇಲಿಟ್ಟು ಎರಡು ಬಣ್ಣವಾಗಿ ಕಾಣಿಸುವ, ಕಲಾವಿದ ಮತ್ತು ಶಿಕ್ಷಕ ಜೋಸೆಫ್ ಆಲ್ಬರ್ಸ್ ಅವರ ಅಭ್ಯಾಸವೂ ಇರಲಿ. ಸುತ್ತಲಿನ ಬಣ್ಣ ಕಣ್ಣನ್ನು ಎಷ್ಟು ಆಳುತ್ತದೆಂದು ಅದರಿಂದ ತಿಳಿದವರು ಹಸಿರು ಪೇಂಟಿನ ಕಾರಿಡಾರಿಗೆ ಬಣ್ಣ ಆರಿಸುವಾಗ ಎಡವುವುದಿಲ್ಲ.

ತಂಡದ ಕೆಲಸ ಭಿತ್ತಿಚಿತ್ರವಾದರೆ ಗೋಡೆಯನ್ನು ಓದುವುದು ಮುಖ್ಯ. ಹೊಸ ಸಿಮೆಂಟ್ ಗಾರೆಗೆ ಕನಿಷ್ಠ 28 ದಿನ ಬಿಡಬೇಕು. ಹಳೆಯ ಗೋಡೆಯಾದರೆ 45 ಸೆಂ.ಮೀ. ಚೌಕದ ಪಾಲಿಥೀನ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಚ್ಚಿ ಒಂದು ದಿನ ಬಿಡಿ. ಒಳಗೆ ನೀರಿನ ಹನಿ ಕಂಡರೆ ಬಣ್ಣ ಹಚ್ಚುವಂತಿಲ್ಲ. ಬಿಳಿ ಉಪ್ಪು ಬಂದಿದ್ದರೆ ಒಣ ಬ್ರಷ್ಷಿನಿಂದ ಕೆರೆದು, ನೀರು ಎಲ್ಲಿಂದ ಇಳಿಯುತ್ತಿದೆ ಎಂದು ಹುಡುಕಬೇಕು. ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ. ಬಣ್ಣ ಹಕ್ಕಳೆ ಏಳಲು ಸಾಮಾನ್ಯವಾಗಿ ಈ ತೇವವೇ ಕಾರಣ. 3 ಮೀಟರ್ ಎತ್ತರ, 8 ಮೀಟರ್ ಉದ್ದದ ಗೋಡೆಯೆಂದರೆ 24 ಚದರ ಮೀಟರ್. ಒಂದು ಸಲ ಹಚ್ಚಲು ಲೀಟರಿಗೆ 10 ಚದರ ಮೀಟರ್ ಹಿಡಿದರೆ ಎರಡು ಸಲಕ್ಕೆ ಸುಮಾರು 5 ಲೀಟರ್ ಅಕ್ರಿಲಿಕ್ ಬಣ್ಣ, ಕ್ಷಾರ ತಡೆಯುವ ಪ್ರೈಮರ್ ಎರಡೂವರೆ ಲೀಟರ್ ಬೇಕು. ಗೋಡೆ ತರಿತರಿಯಾಗಿದ್ದರೆ ಕಾಲು ಭಾಗ ಹೆಚ್ಚು. ನೇರ ಬಿಸಿಲಿನಲ್ಲಿ ಗುಲಾಬಿ, ನೇರಳೆ, ಅಗ್ಗದ ಕೆಂಪು ಮೊದಲು ಮಾಸುತ್ತವೆ. ಐರನ್ ಆಕ್ಸೈಡಿನ ಕೆಂಪು ಹಳದಿಗಳು, ಥ್ಯಾಲೋ ಎಂಬ ವರ್ಣದ್ರವ್ಯದ ನೀಲಿ ಹಸಿರುಗಳು ಬಾಳುತ್ತವೆ.

ಈ ಗೋಡೆಗೆ ಒಮ್ಮೆಗೆ ಆರರಿಂದ ಎಂಟು ಜನ ಸಾಕು. ಮಕ್ಕಳಿಗೆ ನೆಲದ ಮೇಲೆ ನಿಂತು ಕೈಗೆಟುಕುವಷ್ಟು ಎತ್ತರ ಮಾತ್ರ, ಅಟ್ಟಣಿಗೆ ಬೇಡ. ಆದರೆ ಗೆರೆ ಹಾಕಿಟ್ಟು, ನಂಬರು ಬರೆದು, ಬಣ್ಣ ತುಂಬಲು ಮಾತ್ರ ಜನರನ್ನು ಕರೆಯುವುದನ್ನು ಸಹಭಾಗಿತ್ವ ಎನ್ನಬಾರದು. ಅದು ಸಂಬಳವಿಲ್ಲದ ಕೂಲಿ. ಏನು ಬರೆಯಬೇಕೆಂಬ ತೀರ್ಮಾನದಲ್ಲಿ ಅವರಿದ್ದರೆ ಬಣ್ಣ ಹಚ್ಚದೆ ಹೋದರೂ ಅದು ಅವರದೇ ಕೆಲಸ.

ಬೌಹೌಸಿನ ಇಬ್ಬರು ಗುರುಗಳ ಪದ್ಧತಿಗೆ ಇಲ್ಲಿ ಹೊಸ ಉಪಯೋಗವಿದೆ. ಆಸ್ಪತ್ರೆಯ ಕೆಲಸಕ್ಕೆ ವಾರ್ಡಿನ ನರ್ಸ್, ಗೋಡೆಯ ಕೆಲಸಕ್ಕೆ ಗಾರೆಯವರು ಕಲಾ ಶಿಕ್ಷಕರ ಪಕ್ಕದಲ್ಲಿ ಕೂತು ಪಾಠ ಮಾಡಲಿ, ಗೌರವಧನ ಪಡೆಯಲಿ, ಅಂಕ ಹಾಕುವಲ್ಲೂ ಅವರ ಮಾತು ನಡೆಯಲಿ. ನೂರಕ್ಕೆ ನೋಟ್‌ಬುಕ್ಕಿಗೆ 30, ಮಾತುಕತೆ ಮತ್ತು ಒಪ್ಪಂದಕ್ಕೆ 20, ಕೃತಿಗೆ 35, ಹಸ್ತಾಂತರಕ್ಕೆ 15 ಎಂದು ಹಂಚಿದರೆ ವಿದ್ಯಾರ್ಥಿಗಳ ಸಮಯವೂ ಹೆಚ್ಚು ಕಡಿಮೆ ಹಾಗೆಯೇ ಹಂಚಿಹೋಗುತ್ತದೆ.

ಹಸ್ತಾಂತರವೆಂದರೆ ಬಳಸಿದ ಬಣ್ಣಗಳ ಹೆಸರು ಮತ್ತು ಸಂಖ್ಯೆ, ಮುಖ್ಯ ಬಣ್ಣಗಳು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಕಾಲು ಲೀಟರಿನಷ್ಟು, ಯಾವ ಬಟ್ಟೆಯಿಂದ ಹೇಗೆ ಒರೆಸಬೇಕೆಂಬ ಸೂಚನೆ, ಹೊಣೆ ಹೊತ್ತವರ ಹೆಸರು. ಆರು ತಿಂಗಳಿಗೆ, ಅಂದರೆ ಮುಂದಿನ ಸೆಮಿಸ್ಟರಿನಲ್ಲಿ, ತಂಡ ಅದೇ ನೋಟ್‌ಬುಕ್ ಹಿಡಿದು ಮತ್ತೆ ಮೂರು ಹೊತ್ತು ಅಲ್ಲಿ ಕೂರಬೇಕು. ಯಾರು ನಿಂತು ನೋಡುತ್ತಾರೆ, ಎಲ್ಲಿ ಕೈಕೊಳೆ ಹತ್ತಿದೆ, ಯಾವ ಭಾಗಕ್ಕೆ ನೋಟಿಸ್ ಬೋರ್ಡು ಬಡಿದಿದ್ದಾರೆ ಎಂದು ಎಡಪುಟದಲ್ಲಿ ಬರೆಯಬೇಕು. ಆ ಪುಟಗಳು ಕೈಗೆ ಬರುವವರೆಗೆ ಕೊನೆಯ 15 ಅಂಕವನ್ನು ತಡೆಹಿಡಿಯಿರಿ.