ಒಂಟಿ ಆಸನದ ಕಾರಿನ ಜಾತಕ

ಹಳೆಯ ರೇಸ್ ಕಾರೊಂದು ನಮ್ಮ ವರ್ಕ್‌ಶಾಪಿಗೆ ಬಂದಾಗ ಮಾಲೀಕರು ಮೊದಲು ತೋರಿಸುವುದು ಚಾಸಿ, ಅಂದರೆ ಕಾರಿನ ಅಡಿಚೌಕಟ್ಟಿನ, ಸಂಖ್ಯೆಯ ತಗಡನ್ನು. ನಾನು ಅದನ್ನು ನೋಡುವುದು ಎಲ್ಲಕ್ಕಿಂತ ಕೊನೆಗೆ. ರಿವೆಟ್ ಕಿತ್ತರೆ ಆ ತಗಡು ಇನ್ನೊಂದು ಕಾರಿಗೆ ಹೋಗುತ್ತದೆ. 1950ರ ದಶಕದ ಯುರೋಪಿನಲ್ಲಿ ಹಾಗೆ ಹೋಗುತ್ತಲೂ ಇತ್ತು. ರೇಸ್ ಕಾರು ಗಡಿ ದಾಟಬೇಕಾದರೆ ಸುಂಕದವರಿಗೆ ತೋರಿಸುವ ಕಾಗದದಲ್ಲೂ ಕಾರಿನ ಮೇಲೂ ಒಂದೇ ಸಂಖ್ಯೆ ಇರಬೇಕಿತ್ತು. ಹೊಸ ಕಾರಿನ ಕಾಗದ ಸಿದ್ಧವಿಲ್ಲದಿದ್ದರೆ ಹಳೆಯದರ ತಗಡನ್ನೇ ಹಚ್ಚಿ ಕಳುಹಿಸುತ್ತಿದ್ದರು. ಆ ಕಾಲದ ಇಟಲಿಯ ರೇಸ್ ಕಾರು ಮಸೆರಾಟಿ 250ಎಫ್‌ನ ಇತಿಹಾಸ ಅಷ್ಟೊಂದು ಗೋಜಲಾಗಲು ಇದೂ ಒಂದು ಕಾರಣ.

ನಾನು ಕೆಲಸ ಮಾಡುವುದು ಇಂಗ್ಲೆಂಡಿನಲ್ಲಿ, ಬಹುಪಾಲು ಒಂಟಿ ಆಸನದ ಕೂಪರ್ ಕಾರುಗಳ ಮೇಲೆ. ಜನ ಇವನ್ನು ವಿಂಟೇಜ್ ಎನ್ನುತ್ತಾರೆ. ಇಲ್ಲಿನ ಹಳೆಯ ಕ್ಲಬ್ಬಿನವರ ಕಟ್ಟುನಿಟ್ಟಿನ ಲೆಕ್ಕದಲ್ಲಿ 1930ರವರೆಗೆ ತಯಾರಾದವು ಮಾತ್ರ ವಿಂಟೇಜ್. ಆ ವಾದ ಹಾಗಿರಲಿ.

1946ರಲ್ಲಿ ಲಂಡನ್ ಬಳಿಯ ಸರ್ಬಿಟನ್‌ನ ಗ್ಯಾರೇಜಿನಲ್ಲಿ ಚಾರ್ಲ್ಸ್ ಕೂಪರ್ ಮತ್ತು ಅವರ ಮಗ ಜಾನ್, ಎರಡು ಫಿಯಟ್ ಟೊಪೊಲಿನೊ ಕಾರುಗಳ ಮುಂಭಾಗವನ್ನಷ್ಟೇ ಕತ್ತರಿಸಿ, ಬೆನ್ನಿಗೆ ಬೆನ್ನು ಕೂಡಿಸಿ ಬೆಸೆದರು. ಇದರಿಂದ ನಾಲ್ಕೂ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್, ಅಂದರೆ ಒಂದೊಂದೂ ತನ್ನಷ್ಟಕ್ಕೆ ಏರಿಳಿಯುವ ವ್ಯವಸ್ಥೆ, ತಾನಾಗಿಯೇ ದಕ್ಕಿತು. ಎಂಜಿನ್ ಜೆ.ಎ.ಪಿ. ಕಂಪನಿಯ 500 ಸಿಸಿಯದು, ಮೋಟರ್‌ಸೈಕಲ್ಲಿನದು. ಅದರ ಚೈನ್ ಹಿಂದಿನ ಅಚ್ಚನ್ನು ತಿರುಗಿಸಬೇಕಾದ್ದರಿಂದ ಎಂಜಿನ್ನನ್ನು ಚಾಲಕನ ಹಿಂದೆ ಕೂರಿಸುವುದೇ ಸಲೀಸಾಗಿತ್ತು. ಜರ್ಮನಿಯ ಆಟೊ ಯೂನಿಯನ್ 1934ರಲ್ಲೇ ಹಿಂದೆ ಎಂಜಿನ್ ಇಟ್ಟು ಓಡಿಸಿತ್ತು, ನಿಜ. ಆದರೆ ಕೂಪರ್ ತಂದೆ ಮಗ ಅದನ್ನು ನೋಡಿ ಕಲಿತದ್ದಲ್ಲ. ಕೈಗೆ ಸಿಕ್ಕ ಸಾಮಾನು ಅವರನ್ನು ಅಲ್ಲಿಗೆ ಕರೆದೊಯ್ಯಿತು. 1948ರಲ್ಲಿ ಸ್ಟರ್ಲಿಂಗ್ ಮಾಸ್ ಎಂಬ ಹುಡುಗ ಇಂಥದೇ ಪುಟ್ಟ ಕೂಪರ್‌ನಲ್ಲಿ ಗೆಲ್ಲತೊಡಗಿದ. ಹತ್ತು ವರ್ಷದ ಮೇಲೆ, 1958ರ ಅರ್ಜೆಂಟೀನಾ ಗ್ರ್ಯಾನ್ ಪ್ರಿಯನ್ನು ಹಿಂದೆ ಎಂಜಿನ್ ಇದ್ದ ಕೂಪರ್‌ನಲ್ಲಿ ಗೆದ್ದವರೂ ಅವರೇ. 1959 ಮತ್ತು 1960ರಲ್ಲಿ ಜ್ಯಾಕ್ ಬ್ರಾಭಮ್ ಕೂಪರ್‌ನಲ್ಲೇ ವಿಶ್ವ ಚಾಂಪಿಯನ್ ಆದ ಮೇಲೆ ಎಂಜಿನ್ ಮುಂದಿರಬೇಕೆಂಬ ವಾದಕ್ಕೆ ಬಲವೇ ಉಳಿಯಲಿಲ್ಲ.

ಈ ಬೆಳವಣಿಗೆಯನ್ನು ಪುಸ್ತಕಗಳು ನೇರ ಗೆರೆಯಂತೆ ಹೇಳುತ್ತವೆ. ಒಂದು ನಿರ್ದಿಷ್ಟ ಕಾರನ್ನು ಹಿಡಿದು ಹಿಂದಕ್ಕೆ ಹೋದರೆ ಗೆರೆ ಎಲ್ಲೆಲ್ಲೋ ಕವಲೊಡೆಯುತ್ತದೆ. 500 ಸಿಸಿ ಕಾರುಗಳಿಗೆ 1950ರಲ್ಲಿ ಫಾರ್ಮುಲಾ 3 ಎಂಬ ಅಂತರರಾಷ್ಟ್ರೀಯ ಮಾನ್ಯತೆ ಬಂತು. ಗೆಲ್ಲುವ ಆಸೆಯಿದ್ದವರಿಗೆಲ್ಲ ಜೆ.ಎ.ಪಿ. ಬದಲು ನಾರ್ಟನ್ ಮ್ಯಾಂಕ್ಸ್ ಎಂಜಿನ್ ಬೇಕಾಯಿತು. ನಾರ್ಟನ್ ಕಂಪನಿ ಅದನ್ನು ಬಿಡಿಯಾಗಿ ಮಾರುತ್ತಿರಲಿಲ್ಲ. ಹಾಗಾಗಿ ಇಡೀ ಮೋಟರ್‌ಸೈಕಲ್ ಕೊಂಡು, ಎಂಜಿನ್ ಬಿಚ್ಚಿಕೊಂಡು, ಉಳಿದದ್ದನ್ನು ಮಾರಿಬಿಡುತ್ತಿದ್ದರು. ಆ ಅನಾಥ ಫ್ರೇಮುಗಳಿಗೆ ಟ್ರಯಂಫ್ ಎಂಜಿನ್ ಕೂರಿಸಿದ್ದರಿಂದಲೇ ‘ಟ್ರೈಟನ್’ ಮೋಟರ್‌ಸೈಕಲ್ಲುಗಳು ಹುಟ್ಟಿಕೊಂಡವು. ನನ್ನಂಥವರಿಗೆ ಇದು ಬಲು ಉಪಯುಕ್ತ ಸಂಗತಿ: ಕಾರಿನ ಎಂಜಿನ್ ಎಲ್ಲಿಂದ ಬಂತೆಂದು ತಿಳಿಯಲು ಮೋಟರ್‌ಸೈಕಲ್ ದಾಖಲೆಗಳನ್ನು ತಿರುವಬೇಕು.

ಕಳೆದ ಚಳಿಗಾಲದಲ್ಲಿ ಬಂದ ಒಂದು ಕೂಪರ್ ಇದನ್ನೇ ಮತ್ತೆ ನೆನಪಿಸಿತು. ತಗಡು ಹೊಸದಾಗಿ ಹೊಳೆಯುತ್ತಿತ್ತು. ಚಾಸಿಯ ಬಣ್ಣ ಕೆರೆದಾಗ ಹಿಂಭಾಗದಲ್ಲಿ ಮುಚ್ಚಿದ ರಂಧ್ರಗಳು ಕಂಡವು, ಜೆ.ಎ.ಪಿ. ಕೂರಿಸಿದ್ದ ಜಾಗ ಅದು. ಪಕ್ಕದಲ್ಲೇ ನಾರ್ಟನ್‌ಗಾಗಿ ಬೆಸೆದ ಪಟ್ಟಿಗಳಿದ್ದವು. ಹಳೆಯ ರೇಸಿನ ಫೋಟೊವೊಂದನ್ನು ಭೂತಗನ್ನಡಿಯಡಿ ಇಟ್ಟು ಹಿಂಬದಿಯ ಹೊದಿಕೆಯಲ್ಲಿ ಗಾಳಿಗೆಂದು ಕೊರೆದ ಸೀಳುಗಳನ್ನು ಎಣಿಸಿದೆ, ಹೊಗೆ ಕೊಳವೆ ಯಾವ ಬದಿಗೆ ಬಾಗಿದೆ ಎಂದು ನೋಡಿದೆ. ಮುಂಭಾಗ ಹೊಂದಿತು. ಆಸನದ ಹಿಂದಿನ ಭಾಗ ಹೊಂದಲಿಲ್ಲ. ಅಲ್ಲಿಯ ವೆಲ್ಡಿಂಗ್ ಬೇರೆ ಕೈಯದು, ಬೇರೆ ಕಾಲದ್ದು.

ಹಾಗಾದರೆ ಅದು ಅಸಲಿಯೋ ನಕಲಿಯೋ? ನಮ್ಮ ಊರಿನ ತೇರನ್ನು ನೆನೆಯುತ್ತೇನೆ. ಗಾಲಿ ಬದಲಾಗಿದೆ, ಅಚ್ಚು ಬದಲಾಗಿದೆ, ತೊಲೆಗಳೂ ಬದಲಾಗಿವೆ. ಆದರೂ ಅದು ಅದೇ ತೇರು, ಏಕೆಂದರೆ ಎಳೆಯುವುದು ನಿಂತಿಲ್ಲ. 1990ರಲ್ಲಿ ಲಂಡನ್ನಿನ ಹೈಕೋರ್ಟ್ ಹೇಳಿದ್ದೂ ಹೆಚ್ಚು ಕಡಿಮೆ ಇದನ್ನೇ. 1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ರೇಸ್ ಗೆದ್ದ ‘ಓಲ್ಡ್ ನಂಬರ್ ಒನ್’ ಬೆಂಟ್ಲಿಯಲ್ಲಿ ಮೂಲ ಬಿಡಿಭಾಗಗಳು ಉಳಿದದ್ದು ಅತ್ಯಲ್ಪವೆಂದು ಕೊಳ್ಳುವವರು ಹಿಂದೆ ಸರಿದಿದ್ದರು. ಭಾಗಗಳು ಬದಲಾಗುತ್ತ ಬಂದರೂ ಕಾರಿನ ಇತಿಹಾಸ ಎಲ್ಲಿಯೂ ಕಡಿದಿಲ್ಲ, ಆದ್ದರಿಂದ ಅದು ಅಸಲಿಯೇ ಎಂದು ನ್ಯಾಯಮೂರ್ತಿ ಆಟನ್ ತೀರ್ಪಿತ್ತರು. ಅದು ಒಂಟಿ ಆಸನದ ಕಾರಲ್ಲ, ಆದರೂ ನಾನು ವರದಿ ಬರೆಯುವಾಗಲೆಲ್ಲ ಆ ತೀರ್ಪು ತಲೆಯಲ್ಲಿರುತ್ತದೆ. ತೊಡಕು ಬರುವುದು ಅಪಘಾತದ ಬಳಿಕ ಬಿಸಾಡಿದ ಅರ್ಧ ಚಾಸಿಯನ್ನು ಯಾರೋ ಎತ್ತಿಟ್ಟುಕೊಂಡು, ಅದರಿಂದ ಇನ್ನೊಂದು ಕಾರು ಕಟ್ಟಿ, ಅದೇ ಸಂಖ್ಯೆ ಹಚ್ಚಿದಾಗ. ಆಗ ಒಂದೇ ಜಾತಕಕ್ಕೆ ಇಬ್ಬರು ವಾರಸುದಾರರು. ಮೋಟರ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ಕೊಡುವ ಹಿಸ್ಟಾರಿಕ್ ಪಾಸ್‌ಪೋರ್ಟ್ ಕೂಡ ಈ ಜಗಳ ಬಿಡಿಸದು. ಕಾರಿನ ತಾಂತ್ರಿಕ ವಿವರ ಆ ಕಾಲದ್ದಕ್ಕೆ ಹೊಂದುತ್ತದೆ ಎಂದಷ್ಟೇ ಅದು ಹೇಳುತ್ತದೆ, ಕಾರಿನ ಮೂಲಕ್ಕೆ ಸಾಕ್ಷಿಯಾಗುವುದಿಲ್ಲ.

ನಮ್ಮ ಕೂಪರ್‌ನ ಹಿಂಭಾಗ ಯಾವಾಗ ಬದಲಾಯಿತೆಂಬುದಕ್ಕೆ ಹಳೆಯ ಮಾಲೀಕರ ಮನೆಯಲ್ಲಿ ಒಂದು ಬಿಲ್ ಸಿಕ್ಕಿತು. ಅಪಘಾತ, ದುರಸ್ತಿ, ಚಾಸಿಯ ಹೊಸ ಕೊಳವೆಗಳ ಅಳತೆ, ಎಲ್ಲವೂ ಅದರಲ್ಲಿತ್ತು. ಮುಂಭಾಗ ಮೂಲ, ಹಿಂಭಾಗ ದುರಸ್ತಿಯದು ಎಂದು ವರದಿಯಲ್ಲಿ ಬರೆದೆ. ತುಕ್ಕು ತಿಂದು ನಾವು ಈಗ ಕತ್ತರಿಸಲೇಬೇಕಾಗಿ ಬಂದ ಒಂದು ಗೇಣು ಕೊಳವೆಗೆ ತಾರೀಖಿನ ಚೀಟಿ ಕಟ್ಟಿ, ಪೆಟ್ಟಿಗೆಯಲ್ಲಿಟ್ಟು ಕಾರಿನ ಜೊತೆಗೇ ಕಳುಹಿಸಿದೆ.