ಲೋಲಾ ಹುಟ್ಟುಹಬ್ಬದ ಪನ್ಸಿತ್: ಎಳೆ ತುಂಡಾಗುವುದೇಕೆ, ಮುದ್ದೆಯಾಗುವುದೇಕೆ?

ಓದುಗರ ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಡೇಲಿ ಸಿಟಿಯಲ್ಲಿದ್ದೇವೆ. ಪಕ್ಕದ ಮನೆಯ ಫಿಲಿಪಿನೋ ಅಜ್ಜಿಗೆ ಮುಂದಿನ ತಿಂಗಳು 80 ತುಂಬುತ್ತದೆ. ಅವರಿಗೆ ಪನ್ಸಿತ್ ಎಂಬ ಅವರ ನೂಡಲ್ಸ್ ತಿನಿಸು ಮಾಡಿಕೊಂಡು ಹೋಗಬೇಕೆಂದು ಆಸೆ. ಎರಡು ಸಲ ಮಾಡಿ ನೋಡಿದೆವು. ಒಮ್ಮೆ ಎಳೆಗಳೆಲ್ಲ ಚೂರುಚೂರಾದವು, ಇನ್ನೊಮ್ಮೆ ಮುದ್ದೆಯಾಯಿತು. ಎಳೆ ಉದ್ದವಾಗಿಯೇ ಇರಬೇಕಂತೆ. ನಾವು ಮಾಂಸ ಬೇಯಿಸುವುದಿಲ್ಲ. ಹೇಗೆ ಮಾಡುವುದು?

ಉತ್ತರ: ನಿಮಗೆ ಯಾರೋ ಸರಿಯಾಗಿಯೇ ಹೇಳಿದ್ದಾರೆ. ಹುಟ್ಟುಹಬ್ಬದ ಪನ್ಸಿತ್‌ನಲ್ಲಿ ರುಚಿಗಿಂತ ಮೊದಲು ನೋಡುವುದು ಎಳೆಯ ಉದ್ದ. ಎಳೆ ಎಷ್ಟು ಉದ್ದವೋ ಆಯುಸ್ಸು ಅಷ್ಟು ಉದ್ದ ಎಂಬ ನಂಬಿಕೆ ಚೀನಾದಿಂದ ಬಂದು ನೆಲೆಸಿದವರ ಜೊತೆ ಫಿಲಿಪೀನ್ಸ್‌ಗೆ ಬಂತು. ಪನ್ಸಿತ್ ಎಂಬ ಹೆಸರೂ ಅವರ ಹೊಕ್ಕಿಯೆನ್ ಭಾಷೆಯದೇ. ಸುಲಭವಾಗಿ ಬೇಯಿಸಿದ್ದು ಎಂಬ ಅರ್ಥ ಅದಕ್ಕೆ. ಇಂದು ಅದು ಮನಿಲಾದಲ್ಲಿರಲಿ, ಡೇಲಿ ಸಿಟಿಯಲ್ಲಿರಲಿ, ಫಿಲಿಪಿನೋ ಮನೆಯ ಹುಟ್ಟುಹಬ್ಬದಲ್ಲಿ ತಪ್ಪದೆ ಇರುವ ತಿನಿಸು. ಕೇಕ್ ಮೊಮ್ಮಕ್ಕಳಿಗೆ, ಪನ್ಸಿತ್ ಲೋಲಾಗೆ. ಅಜ್ಜಿಗೆ ಅವರು ಲೋಲಾ ಎನ್ನುತ್ತಾರೆ, ತಾತನಿಗೆ ಲೋಲೋ, ಮೊಮ್ಮಗುವಿಗೆ ಅಪೋ.

ಹಾಗಾಗಿ ಮೊದಲ ಮಾತು: ಎಲ್ಲಿಯೂ ಕತ್ತರಿ ಹಾಕಬೇಡಿ. ಚಿಕ್ಕ ಮಕ್ಕಳಿಗೆ ತಿನ್ನಲು ಸುಲಭವಾಗಲಿ ಎಂದು ಒಂದೆರಡು ಕಡೆ ಕತ್ತರಿಸುವುದೂ ಬೇಡ. ಬೇಕಿದ್ದರೆ ತಟ್ಟೆಗೆ ಬಡಿಸಿದ ಮೇಲೆ ಮಗುವಿನ ಪಾಲನ್ನಷ್ಟೇ ಚಮಚದಿಂದ ತುಂಡು ಮಾಡಿದರಾಯಿತು.

ಪನ್ಸಿತ್‌ನಲ್ಲಿ ಹಲವು ಬಗೆಗಳಿವೆ. ಕಾಂತೋನ್ ಗೋಧಿಯದು, ಸೋತಾಂಘೋನ್ ಹೆಸರುಕಾಳಿನ ಪಿಷ್ಟದ್ದು, ಪಲಾಬೋಕ್ ಎಂಬುದಕ್ಕೆ ಮೇಲಿಂದ ಗಟ್ಟಿ ಸಾರು ಸುರಿಯುತ್ತಾರೆ. ನಿಮಗೆ ಬೇಕಾದದ್ದು ಬಿಹೋನ್, ಅಂದರೆ ತೆಳು ಒಣ ಎಳೆಯದು. ಪೊಟ್ಟಣ ಕೊಳ್ಳುವಾಗ ಹಿಂಬದಿ ಓದಿ. ಬಿಹೋನ್ ಎಂದು ಬರೆದಿದ್ದರೂ ಕೆಲವು ಅಕ್ಕಿಯವು, ಹಲವು ಮೆಕ್ಕೆಜೋಳದ ಪಿಷ್ಟದವು, ಬೇಯುವ ಸಮಯ ಒಂದೇ ಅಲ್ಲ. ನಮ್ಮ ಒತ್ತು ಶಾವಿಗೆ ಇದಕ್ಕೆ ಆಗುವುದೇ ಇಲ್ಲ. ಅದು ಆಗಲೇ ಬೆಂದದ್ದು, ಸಾರು ಹೀರಲು ಅದರಲ್ಲಿ ಜಾಗವಿಲ್ಲ. ಬಾಣಲೆಗೆ ಹಾಕಿದರೆ ಪುಡಿಯಾಗುತ್ತದೆ.

ಆರು ಜನಕ್ಕೆ ಬೇಕಾದದ್ದು: ಬಿಹೋನ್ 250 ಗ್ರಾಂ. ಗಟ್ಟಿ ತೋಫು 200 ಗ್ರಾಂ, ಬೆರಳುದ್ದ ಕತ್ತರಿಸಿ ಎಣ್ಣೆಯಲ್ಲಿ ಹೊಂಬಣ್ಣಕ್ಕೆ ಕರಿದದ್ದು. ಬೆಳ್ಳುಳ್ಳಿ ಆರು ಎಸಳು, ಈರುಳ್ಳಿ ಒಂದು, ಕ್ಯಾರೆಟ್ ಒಂದು, ಹುರುಳಿಕಾಯಿ 100 ಗ್ರಾಂ, ಸಣ್ಣಗೆ ಸೀಳಿದ ಎಲೆಕೋಸು ಎರಡು ಕಪ್. ಸೋಯಾ ಸಾಸ್ ಮೂರು ದೊಡ್ಡ ಚಮಚ, ಕರಿಮೆಣಸಿನ ಪುಡಿ ಅರ್ಧ ಚಿಕ್ಕ ಚಮಚ, ಎಣ್ಣೆ ಮೂರು ದೊಡ್ಡ ಚಮಚ. ಸಾರಿಗೆ ನಾಲ್ಕೈದು ಒಣ ಶಿಟಾಕೆ ಅಣಬೆಯನ್ನು ಮೂರೂವರೆ ಕಪ್ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಸೋಸಿಕೊಳ್ಳಿ. ಮೂರು ಕಪ್ ಸಿಗುತ್ತದೆ. ನೆಂದ ಅಣಬೆಯ ಗಟ್ಟಿ ತೊಟ್ಟು ತೆಗೆದು, ಉಳಿದದ್ದನ್ನು ಸೀಳಿ ತರಕಾರಿಯ ಜೊತೆ ಹಾಕಿ.

ಲೋಲಾ ಮನೆಯಲ್ಲಿ ಮಾಡಿದರೆ ಇದಕ್ಕೆ ಕೋಳಿ ಅಥವಾ ಹಂದಿಮಾಂಸ ಬೀಳುತ್ತದೆ, ಪತೀಸ್ ಎಂಬ ಮೀನಿನ ಸಾಸ್ ಬೀಳುತ್ತದೆ. ಅದಿಲ್ಲದ ಪನ್ಸಿತ್ ಕೊಟ್ಟರೆ ಏನೆಂದುಕೊಳ್ಳುತ್ತಾರೋ ಎಂಬ ಅಳುಕು ಬೇಡ. ಅವರಲ್ಲಿ ಬಹುಪಾಲು ಜನ ಕ್ಯಾಥೊಲಿಕರು, ಈಸ್ಟರ್ ಮುಂಚಿನ ಶುಕ್ರವಾರಗಳಲ್ಲಿ ಮಾಂಸ ಬಿಡುವ ರೂಢಿ ಇದೆ. ಹಾಗಾಗಿ ಮಾಂಸವಿಲ್ಲದ ಪನ್ಸಿತ್ ಅವರ ನಾಲಿಗೆಗೆ ಹೊಸದಲ್ಲ.

ಇನ್ನು ನಿಮ್ಮ ಎರಡು ತೊಂದರೆಗಳು. ಮುದ್ದೆಯಾದದ್ದು, ಹೆಚ್ಚುಕಡಿಮೆ ಖಚಿತವಾಗಿ, ಬಿಸಿನೀರಿನಲ್ಲಿ ನೆನೆಸಿದ್ದರಿಂದ. ಬಿಸಿನೀರು ತಾಗಿದೊಡನೆ ಎಳೆಯ ಹೊರಪದರದ ಪಿಷ್ಟ ಬೆಂದು ಅಂಟಾಗುತ್ತದೆ. ಆಮೇಲೆ ಬಾಣಲೆಯಲ್ಲಿ ಅದು ಸಾರಿನ ರುಚಿ ಹೀರುವುದಿಲ್ಲ, ಒಂದಕ್ಕೊಂದು ಮೆತ್ತಿಕೊಳ್ಳುತ್ತದೆ. ತಣ್ಣೀರಿನಲ್ಲಿ ಹತ್ತು ನಿಮಿಷ ಸಾಕು. ಎಳೆ ಬಾಗಬೇಕು, ಕಚ್ಚಿದರೆ ನಡುವೆ ಇನ್ನೂ ಗಟ್ಟಿ ಇರಬೇಕು. ಆಗಲೇ ಬಸಿದುಬಿಡಿ. ನೀರಿನಲ್ಲಿ ಮರೆತು ಗಂಟೆ ಬಿಟ್ಟರೆ ಎತ್ತುವಾಗಲೇ ತುಂಡಾಗುತ್ತದೆ.

ಚೂರಾಗುವುದಕ್ಕೆ ಕಾರಣ ಮೂರು. ಒಣ ಎಳೆಯನ್ನು ಪೊಟ್ಟಣದಿಂದ ಎಳೆದು ಬಿಡಿಸುವುದು ಒಂದು. ಮಡಿಕೆ ಇದ್ದಹಾಗೇ ಇಡಿಯಾಗಿ ನೀರಿಗಿಳಿಸಿ, ಮೆತ್ತಗಾದ ಮೇಲೆ ಬೆರಳಿನಿಂದ ಬಿಡಿಸಿ. ಎರಡನೆಯದು ಒಂದೇ ಸೌಟಿನಿಂದ ಚಿತ್ರಾನ್ನದಂತೆ ಕಲಸುವುದು. ಮೂರನೆಯದು ಒಂದೇ ಬಾಣಲೆಗೆ ಅರ್ಧ ಕಿಲೋ ತುಂಬುವುದು. ಅಡಿಯಲ್ಲಿರುವುದು ಭಾರಕ್ಕೆ ಹಿಸುಕಿ ಮುದ್ದೆಯಾಗುತ್ತದೆ, ಅದನ್ನು ಮೇಲೆ ತರಲು ಹೋಗಿ ಉಳಿದದ್ದು ಮುರಿಯುತ್ತದೆ. ಹನ್ನೆರಡು ಜನಕ್ಕಾದರೆ ಎರಡು ಸಲ ಮಾಡಿ. ಅವರ ಬಾಣಲೆಗೆ ಕವಾಲಿ ಎಂದು ಹೆಸರು. ಕಿವಿಗೆ ನಮ್ಮ ಕಾವಲಿಯಂತೆ ಕೇಳಿದರೂ ಅದು ದೋಸೆಯದಲ್ಲ, ಗುಂಡಿಯಿರುವ ಅಗಲ ಬಾಣಲೆ. ನಿಮ್ಮಲ್ಲಿರುವ ದೊಡ್ಡ ಬಾಣಲೆಯೇ ಸಾಕು.

ಮಾಡುವುದು ಹೀಗೆ. ಎಣ್ಣೆ ಕಾಯಿಸಿ ಬೆಳ್ಳುಳ್ಳಿ, ಈರುಳ್ಳಿ ಬಾಡಿಸಿ. ಕ್ಯಾರೆಟ್, ಹುರುಳಿಕಾಯಿ, ಅಣಬೆ ಹಾಕಿ ಎರಡು ನಿಮಿಷ, ಎಲೆಕೋಸು ಹಾಕಿ ಒಂದು ನಿಮಿಷ, ದೊಡ್ಡ ಉರಿಯಲ್ಲಿ. ಕಚ್ಚಿದರೆ ಕರಕರ ಅನ್ನುವಾಗಲೇ ಎಲ್ಲವನ್ನೂ ಬೇರೆ ತಟ್ಟೆಗೆ ತೆಗೆದಿಡಿ. ಈ ಹಂತವನ್ನು ಬಿಟ್ಟುಬಿಡುವವರೇ ಹೆಚ್ಚು. ಬಿಟ್ಟರೆ ಎಲೆಕೋಸು ನೀರು ಬಿಟ್ಟು ಸಾರಿನ ಲೆಕ್ಕವೇ ತಪ್ಪುತ್ತದೆ. ಅದೇ ಬಾಣಲೆಗೆ ಎರಡು ಕಪ್ ಸಾರು, ಸೋಯಾ ಸಾಸ್, ಮೆಣಸಿನ ಪುಡಿ ಹಾಕಿ ಕುದಿಸಿ. ಉಳಿದ ಒಂದು ಕಪ್ ಪಕ್ಕದಲ್ಲಿರಲಿ. ಬಿಹೋನ್ ಇಳಿಸಿ, ಉರಿ ಮಧ್ಯಮಕ್ಕೆ ತನ್ನಿ. ಎರಡು ಕೈಯಲ್ಲಿ ಎರಡು ಮರದ ಸೌಟು ಹಿಡಿದು ಅಡಿಯಿಂದ ಮೇಲಕ್ಕೆ ಎತ್ತಿ, ಜಾರಲು ಬಿಡಿ. ಎತ್ತುವುದು, ಬಿಡುವುದು, ಅಷ್ಟೇ, ತಿರುವಬಾರದು. ಮುಚ್ಚಳ ಬೇಡ. ನಾಲ್ಕೈದು ನಿಮಿಷದಲ್ಲಿ ಸಾರು ಹೀರಿಹೋಗುತ್ತದೆ. ಒಂದು ಎಳೆ ಕಚ್ಚಿ ನೋಡಿ, ನಡುವೆ ಗಟ್ಟಿ ಇದ್ದರೆ ಪಕ್ಕದ ಸಾರನ್ನು ಕಾಲು ಕಪ್‌ನಂತೆ ಸೇರಿಸಿ. ಇನ್ನೂ ತುಸು ತೇವ ಇರುವಾಗಲೇ ತರಕಾರಿ, ತೋಫು ಸೇರಿಸಿ ಇಳಿಸಿ. ಆರುತ್ತಾ ಉಳಿದ ತೇವವನ್ನೂ ಅದು ಕುಡಿಯುತ್ತದೆ. ಬಾಣಲೆಯಲ್ಲೇ ಪೂರ್ತಿ ಒಣಗಿಸಿದರೆ ಮೇಜಿಗೆ ಬರುವಷ್ಟರಲ್ಲಿ ತಂತಿಯಂತಾಗಿರುತ್ತದೆ.

ಉಪ್ಪು ಬೇರೆ ಹಾಕಬೇಡಿ. ಒಂದು ದೊಡ್ಡ ಚಮಚ ಸೋಯಾ ಸಾಸ್‌ನಲ್ಲೇ ಸುಮಾರು 900 ಮಿಲಿಗ್ರಾಂ ಸೋಡಿಯಂ ಇದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ಇಡೀ ದಿನಕ್ಕೆ 2,000. ಎಂಬತ್ತರ ಅಜ್ಜಿಗೆ ರಕ್ತದೊತ್ತಡ ಇದ್ದರೆ ಎರಡೇ ಚಮಚ ಹಾಕಿ, ಮಿಕ್ಕದ್ದನ್ನು ಹುಳಿ ತುಂಬುತ್ತದೆ. ಹುಳಿಗೆ ಅವರದು ಕಲಮನ್ಸಿ, ಗೋಲಿಗಿಂತ ತುಸು ದೊಡ್ಡದಾದ ಹಸಿರು ಹಣ್ಣು. ಸಿಗದಿದ್ದರೆ ಎರಡು ಪಾಲು ನಿಂಬೆರಸಕ್ಕೆ ಒಂದು ಪಾಲು ಕಿತ್ತಳೆ ರಸ ಬೆರೆಸಿ ಪುಟ್ಟ ಬಟ್ಟಲಲ್ಲಿ ಬೇರೆಯೇ ಒಯ್ಯಿರಿ. ಹಿಂಡಿಕೊಳ್ಳುವುದು ತಟ್ಟೆಯ ಮೇಲೆಯೇ, ಅವರವರ ರುಚಿಗೆ.

ಒಯ್ಯಲು ಬಿಲಾವೋ ಸಿಕ್ಕರೆ ಲೋಲಾ ಮುಖ ಅರಳುತ್ತದೆ. ಅದು ಬಿದಿರಿನ ದುಂಡು ತಟ್ಟೆ, ಕರಾವಳಿ ಮಲೆನಾಡಿನವರಿಗೆ ಗೆರಸಿ ಎಂದರೆ ಕಣ್ಣಿಗೆ ಕಟ್ಟುತ್ತದೆ. ಬಾಳೆಲೆಯನ್ನು ಉರಿಯ ಮೇಲೆ ಬಾಡಿಸಿ ಹಾಸಿ, ಅದರ ಮೇಲೆ ಪನ್ಸಿತ್ ಹರಡಿ. ಬಿಸಿ ಇರುವಾಗ ಬಿಗಿಯಾಗಿ ಮುಚ್ಚಬೇಡಿ. ಹಬೆ ನೀರಾಗಿ ತೊಟ್ಟಿಕ್ಕಿದರೆ ಬೇಗ ಹಳಸುತ್ತದೆ. ಹಳಸಿದ್ದಕ್ಕೆ ಅವರು ಪಾನಿಸ್ ಎನ್ನುತ್ತಾರೆ, ಹಬ್ಬದ ಮನೆಯಲ್ಲಿ ಯಾರೂ ಕೇಳಲು ಬಯಸದ ಮಾತು. ಮಾಡಿದ ಮೇಲೆ ಎರಡು ಗಂಟೆಯೊಳಗೆ ತಿನ್ನಬೇಕು, ಇಲ್ಲವೇ ಫ್ರಿಜ್‌ಗೆ ಹೋಗಬೇಕು.

ಒಳಗೆ ಹೋದೊಡನೆ ತಟ್ಟೆಗಿಂತ ಮೊದಲು ಲೋಲಾ ಹತ್ತಿರ ಹೋಗಿ. ಮಕ್ಕಳಿಗೆ ಇದನ್ನು ಮನೆಯಲ್ಲೇ ಹೇಳಿಕೊಡಿ: ಅವರ ಬಲಗೈಯನ್ನು ಮೃದುವಾಗಿ ಹಿಡಿದು, ಬಾಗಿ, ಆ ಕೈಯ ಹಿಂಭಾಗವನ್ನು ತಮ್ಮ ಹಣೆಗೆ ತಾಗಿಸುವುದು, ಜೊತೆಗೆ "ಮಾನೊ ಪೊ, ಲೋಲಾ" ಎನ್ನುವುದು. ಮಾನೊ ಸ್ಪ್ಯಾನಿಷ್‌ನಿಂದ ಬಂದದ್ದು, ಕೈ ಎಂದರ್ಥ. ಪೊ ಎಂಬುದು ನಮ್ಮ 'ರೀ'ಯಂತೆ ಗೌರವಕ್ಕೆ. ಕೈಗೆ ಮುತ್ತಿಡುವುದಲ್ಲ, ಹಣೆಗೆ ಒತ್ತಿಕೊಳ್ಳುವುದು. ಹೊರಗಿನವರು ಮಾಡಬಹುದೇ ಎಂಬ ಸಂಕೋಚ ಬೇಡ. ಕಾಲು ಮುಟ್ಟಿ ನಮಸ್ಕರಿಸಿ ಬೆಳೆದ ಮಕ್ಕಳಿಗೆ ಇದು ಚೆನ್ನಾಗಿಯೇ ಹೊಂದುತ್ತದೆ. ಅಜ್ಜಿ ದೇವರ ಕೃಪೆ ಕೋರಿ ಹರಸುತ್ತಾರೆ, ಆಮೇಲೆ ಕೇಳುವ ಮೊದಲ ಪ್ರಶ್ನೆ "ಕುಮಾಯಿನ್ ಕಾ ನಾ ಬಾ?" ಆಗಿದ್ದರೆ ಆಶ್ಚರ್ಯವಿಲ್ಲ. ಊಟ ಆಯ್ತಾ ಎಂದೇ ಅದರ ಅರ್ಥ.

80 ಎಂಬ ಅಂಕಿಗೆ ಅವರಲ್ಲಿ ಇನ್ನೊಂದು ಮಹತ್ವ ಬಂದಿದೆ. 2024ರಲ್ಲಿ ಬಂದ ಕಾನೂನಿನ ಪ್ರಕಾರ 80, 85, 90, 95 ತುಂಬಿದ ಫಿಲಿಪೀನ್ಸ್ ಪೌರರಿಗೆ ಸರ್ಕಾರ ಪ್ರತಿ ಸಲ 10,000 ಪೆಸೊ ಕೊಡುತ್ತದೆ, ನೂರು ತುಂಬಿದರೆ 1,00,000. ಹೊರದೇಶದಲ್ಲಿ ನೆಲೆಸಿದವರಿಗೂ ಇದು ಉಂಟು. ಲೋಲಾ ಅಲ್ಲಿನ ಪೌರತ್ವ ಉಳಿಸಿಕೊಂಡಿದ್ದರೆ ಮಗನಿಗೋ ಮಗಳಿಗೋ ಒಂದು ಮಾತು ಹೇಳಿ, ಕಾನ್ಸುಲೇಟ್‌ನಲ್ಲಿ ವಿಚಾರಿಸಲಿ.

ಹೊರಡುವಾಗ ನಿಮ್ಮ ಕೈಗೂ ಒಂದು ಪೊಟ್ಟಣ ಬರುತ್ತದೆ, ಬೇಡ ಎನ್ನಬೇಡಿ. ನಿಮ್ಮದೇ ಪನ್ಸಿತ್ ಉಳಿದಿದ್ದರೆ ಅದರಲ್ಲೂ ಸ್ವಲ್ಪ ಲೋಲಾ ಫ್ರಿಜ್‌ನಲ್ಲಿರಲಿ. ಬೆಳಿಗ್ಗೆ ಬಾಣಲೆಗೆ ಎರಡು ಚಮಚ ನೀರು ಚಿಮುಕಿಸಿ ಹಬೆಯೇಳುವವರೆಗೆ ಬಿಸಿ ಮಾಡಿ, ಪಂದೆಸಾಲ್ ಎಂಬ ಮೆತ್ತನೆ ಬನ್ನನ್ನು ಸೀಳಿ ಅದರೊಳಗೆ ತುಂಬಿ, ಕಾಫಿಯ ಜೊತೆ ತಿನ್ನುವುದು ಅವರ ಹಳೆಯ ರೂಢಿ. ಹಬ್ಬದ ದಿನ ಗದ್ದಲದಲ್ಲಿ ಸರಿಯಾಗಿ ತಿನ್ನದ ಅಜ್ಜಿಯಂದಿರು ಅದನ್ನು ನಿಧಾನವಾಗಿ ಸವಿಯುವುದು ಆ ಹೊತ್ತಿಗೇ.