ಚೆನ್ನಾಗಿ ಮಾತಾಡುವವರೆಲ್ಲ ವಾಗ್ಮಿಗಳಾ?

ಪ್ರಶ್ನೆ: ಎಲ್ಲೂ ತಡವರಿಸದೆ ಗಂಟೆಗಟ್ಟಲೆ ಭಾಷಣ ಮಾಡುವವರನ್ನು ವಾಗ್ಮಿ ಅಂತ ಹೊಗಳುತ್ತಾರೆ. ವಾಗ್ಮಿ ಅಂದರೆ ಅಷ್ಟೇನಾ? ಅವರ ಕೆಲಸವಾದರೂ ಏನು?

ಉತ್ತರ: ಗಂಟೆಗಟ್ಟಲೆ ಮಾತಾಡುವವರಿಗೆ ಬೇರೆ ಪದವೇ ಇದೆ, ವಾಚಾಳಿ! ತಮಾಷೆ ಏನೆಂದರೆ ಎರಡೂ ಹುಟ್ಟಿದ್ದು 'ವಾಕ್' ಅನ್ನುವ ಒಂದೇ ಸಂಸ್ಕೃತ ಪದದಿಂದ. ಪಾಣಿನಿಯ ವ್ಯಾಕರಣದಲ್ಲಿ ವಾಗ್ಮಿಗೆ ಒಂದು ಸೂತ್ರ. ಅದರ ಮಗ್ಗುಲಲ್ಲೇ ಇನ್ನೊಂದು ಸೂತ್ರ, ಸುಮ್ನೆ ಜಾಸ್ತಿ ಮಾತಾಡುವವನಿಗೆ. ಅವನು ವಾಚಾಲ. ನಮ್ಮ ವಾಚಾಳಿ ಅವನೇ.

ತಡವರಿಸದೆ ಮಾತಾಡುವುದು ಅಭ್ಯಾಸದಿಂದ ಬರುತ್ತದೆ. ಮುಂದೆ ಕೂತವರ ಮುಖ ನೋಡಿ ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯುವುದು ಕಷ್ಟ. 1863ರ ನವೆಂಬರ್ 19ರಂದು ಅಮೆರಿಕದ ಗೆಟ್ಟಿಸ್‌ಬರ್ಗ್‌ನಲ್ಲಿ ಯುದ್ಧದಲ್ಲಿ ಸತ್ತ ಸೈನಿಕರ ಸ್ಮಶಾನ ಉದ್ಘಾಟನೆಯಾಯಿತು. ಆ ದಿನದ ಮುಖ್ಯ ಭಾಷಣಕಾರ ಎಡ್ವರ್ಡ್ ಎವರೆಟ್, ಆ ಕಾಲದ ಹೆಸರಾಂತ ವಾಗ್ಮಿ. ಅವರು ಸುಮಾರು ಎರಡು ಗಂಟೆ ಮಾತಾಡಿದರು. ಆಮೇಲೆ ಎದ್ದ ಅಧ್ಯಕ್ಷ ಲಿಂಕನ್ ಹೆಚ್ಚುಕಮ್ಮಿ 270 ಪದ ಆಡಿ ಕೂತುಬಿಟ್ಟರು. ಎರಡೇ ನಿಮಿಷ! ನೀವು ಎರಡು ನಿಮಿಷದಲ್ಲಿ ಮುಟ್ಟಿದ ತಿರುಳಿನ ಹತ್ತಿರಕ್ಕೆ ನಾನು ಎರಡು ಗಂಟೆಯಲ್ಲಿ ಬಂದಿದ್ದರೂ ಸಾಕಿತ್ತು ಎಂಬರ್ಥದಲ್ಲಿ ಎವರೆಟ್ ಮರುದಿನ ಲಿಂಕನ್‌ಗೆ ಪತ್ರ ಬರೆದರು. (ಎವರೆಟ್‌ರನ್ನು ವಾಚಾಳಿ ಅನ್ನಬೇಡಿ. ಆಗ ಜನ ಅಷ್ಟುದ್ದದ ಭಾಷಣವನ್ನೇ ಬಯಸಿ ಬರುತ್ತಿದ್ದರು.)

ಇನ್ನು ಕೆಲಸದ ವಿಷಯ. ಜನರ ಮನಸ್ಸಿನಲ್ಲಿ ಇರುತ್ತದೆ, ಬಾಯಿಗೆ ಬರುವುದಿಲ್ಲ, ಅಲ್ವಾ? ಅದಕ್ಕೆ ಮಾತು ಕೊಡುವುದೇ ವಾಗ್ಮಿಯ ಕೆಲಸ. ದಾರಿ ತಪ್ಪಿಸುವವರೂ ಇದೇ ವಿದ್ಯೆ ಬಳಸುತ್ತಾರೆ, ಹಾಗಾಗಿ ಚಪ್ಪಾಳೆ ಬಿತ್ತು ಅಂತ ಹೇಳಿದ್ದೆಲ್ಲ ನಿಜವಾಗುವುದಿಲ್ಲ.

1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ, ಅಮೆರಿಕದ ಕಪ್ಪು ಜನರ ಸಮಾನ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಬರೆದು ತಂದಿದ್ದ ಭಾಷಣ ಓದುತ್ತಿದ್ದರು. ಆ ಹಾಳೆಗಳಲ್ಲಿ 'ನನಗೊಂದು ಕನಸಿದೆ' ಅನ್ನುವ ಮಾತೇ ಇರಲಿಲ್ಲ. ಹತ್ತಿರದಲ್ಲಿದ್ದ ಗಾಯಕಿ ಮಹೇಲಿಯಾ ಜಾಕ್ಸನ್ "ಆ ಕನಸಿನ ಬಗ್ಗೆ ಹೇಳಿ" ಅಂತ ಕೂಗಿದರು ಎಂದು ಅಲ್ಲಿದ್ದವರು ನೆನಪಿಸಿಕೊಂಡಿದ್ದಾರೆ. ಕಿಂಗ್ ಹಾಳೆ ಬಿಟ್ಟು ಜನರತ್ತ ನೋಡಿ ಮಾತು ಮುಂದುವರಿಸಿದರು. ಇವತ್ತಿಗೂ ಜನ ನೆನೆಯುವುದು ಆ ಭಾಗವನ್ನೇ. ಹಾಗಂತ ಅದು ಆ ಕ್ಷಣಕ್ಕೆ ಹೊಳೆದದ್ದಲ್ಲ. ಎರಡು ತಿಂಗಳ ಹಿಂದೆ ಡೆಟ್ರಾಯಿಟ್‌ನಲ್ಲಿ ಅದೇ ಕನಸನ್ನು ಅವರು ಜನರ ಮುಂದೆ ಹೇಳಿ ನೋಡಿದ್ದರು.